ಬೋರ್ಡು ಹೇಳಿರೆ ಎಂತರ?

ಓ ಮೊನ್ನೆ ಉದಿಯಪ್ಪಗ ಮಗಳು ಬೆಂಗ್ಳೂರಿಂದ ಫೋನು ಮಾಡಿತ್ತು. ಆಪೀಸಿನ ಕೆಲಸಕ್ಕೆ ಹೇಳಿ ಅದಕ್ಕೆ ಪೂನಾಕ್ಕೆ ಹೋಪಲಿತ್ತು. "ಅಬ್ಬೇ, ಬೋರ್ಡಿಂಗ್ ಆತು, ಇನ್ನು ಫೋನು ಆಫ್ ಮಾಡ್ತೆ" ಹೇಳಿ ಮಡಗಿತ್ತು. ಆನು ಫೋನಿನ ಸ್ಪೀಕರಿಲಿ ಹಾಕಿ ದೋಸೆ ಎರಕ್ಕೊಂಡಿತ್ತಿದ್ದೆ. ಅತ್ತೆ ಹತ್ರೆ ಕೂದೊಂಡು ಕಾಪಿ ಕುಡ್ಕೊಂಡಿತ್ತಿದ್ದವು. ಅವಕ್ಕೆ ಈಗ ಎಂಬತ್ತನಾಕು ಒರಿಶ. ಕೆಮಿ ರಜ ಮಂದ, ಆದರೂ ಕೇಳೆಕ್ಕಾದ್ದು ಕೇಳ್ತು. ಕೂಡ್ಲೆ ಕೇಳಿದವು: "ಎಂತರ ಅದು, ಬೋರ್ಡಿಂಗೊ? ಮದುವೆ ಆಗಿ ಒಂದು ಮಗು ಇಪ್ಪ ಕೂಸು ಈಗ ಎಂತಕೆ ಬೋರ್ಡಿಂಗಿಂಗೆ ಸೇರಿದ್ದು?"

ಎನಗೆ ನೆಗೆ ತಡವಲೆ ಎಡಿಗಾಯಿದಿಲ್ಲೆ. ಅತ್ತೆಗೆ ಗೊಂತಿಪ್ಪ ಬೋರ್ಡಿಂಗು ಹೇಳಿರೆ ದೂರದ ಊರಿಂಗೆ ಕಲಿವಲೆ ಹೋದ ಮಕ್ಕೊ ಉಂಡು ಮನುಗುವ ಜಾಗೆ. ವಿಮಾನ ಹತ್ತುದಕ್ಕುದೆ ಅದೇ ಶಬ್ದ ಹೇಳಿ ಅವಕ್ಕೆ ಹೇಂಗೆ ಗೊಂತಪ್ಪದು?

"ಅದಲ್ಲ ಅತ್ತೆ, ವಿಮಾನಕ್ಕೆ ಹತ್ತಿ ಕೂದರೆ ಹಾಂಗೆ ಹೇಳುದು."

"ಅಂಬಗ ಬಸ್ಸಿನ ಬೋರ್ಡು?"

"ಅದು ಊರ ಹೆಸರು ಬರದ ಹಲಗೆ."

"ಕರೆಂಟಿನ ಬೋರ್ಡು? ಹತ್ತನೆ ಕ್ಲಾಸಿನ ಮಕ್ಕೊ ಹೆದರುವ ಬೋರ್ಡು? ಎಲ್ಲದಕ್ಕೂ ಒಂದೇ ಹೆಸರು ಮಡಗುಲೆ ಇಂಗ್ಲಿಷಿನವಕ್ಕೆ ಬೇರೆ ಶಬ್ದ ಸಿಕ್ಕಿದ್ದಿಲ್ಲೆಯೊ?"

ಉತ್ತರ ಆಲೋಚನೆ ಮಾಡಿಗೊಂಡು ನಿಂದೆ. ಕಾವಲಿಗೆಲಿ ಇದ್ದ ದೋಸೆ ಕರಂಚಿತ್ತು.

ಅಂದು ಇಡೀ ದಿನ ಆನು ಲೆಕ್ಕ ಹಿಡುದೆ. ಮಿಕ್ಸಿ ತಿರುಗುಸುಲೆ ಸ್ವಿಚ್ ಬೋರ್ಡು. ಪೇಟಗೆ ಹೋಪಗ ಬಸ್ಸಿನ ಬೋರ್ಡು ನೋಡಿ ಕೈ ಹಿಡುದ್ದು. ಹತ್ರಾಣ ಮನೆ ಮಕ್ಕಳ ಕೇರಂ ಬೋರ್ಡು. ಇವು ಲ್ಯಾಪ್‌ಟಾಪಿನ ಕೀಬೋರ್ಡಿಂಗೆ ಚಾಯ ಚೆಲ್ಲಿ, ಎನ್ನ ಹತ್ರೆ ಹೇಳದ್ದೆ ಉದ್ದಿದ್ದು. ಹೊತ್ತೋಪಗ ಕರೆಂಟು ಹೋತು, ‘ಕೆ.ಇ.ಬಿ.’ಗೆ ಫೋನು ಮಾಡು ಹೇಳಿ ಆನೇ ಹೇಳಿದೆ. 1957ರಲ್ಲಿ ಸುರುವಾದ ಆ ವಿದ್ಯುತ್ ಮಂಡಳಿ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆತು, ಮತ್ತೆ ನಮ್ಮ ಹೊಡೆಂಗೆ ಮೆಸ್ಕಾಂ ಬಂತು. ಆದರೂ ನಮ್ಮ ಬಾಯಿಂದ ಹಳೆ ಬೋರ್ಡು ಇನ್ನುದೆ ಹೋಯಿದಿಲ್ಲೆ.

ಆನು ಕಲ್ತದು ಪಿ.ಯು.ಸಿ. ವರೆಗೆ ಮಾಂತ್ರ. ಇಂಗ್ಲಿಷಿಲಿ ಭಾಷಣ ಮಾಡ್ಲೆ ಎಡಿಯ, ಆದರೆ ಡಿಕ್ಷನರಿ ನೋಡುಲೆ ಅರಡಿಗು. ಮಗಳು ಬಿಟ್ಟಿಕ್ಕಿ ಹೋದ ದೊಡ್ಡ ಡಿಕ್ಷನರಿ ಅಟ್ಟಲ್ಲಿ ಇತ್ತು. ಅದರ ಇಳುಶಿ, ಧೂಳು ಕುಡುಗಿ, ಮಧ್ಯಾನದ ಊಟ ಆದ ಮೇಲೆ ಓದುಲೆ ಸುರು ಮಾಡಿದೆ. ಮತ್ತೆ ಬೇರೆ ಬೇರೆ ಪುಸ್ತಕವನ್ನುದೆ ನೋಡಿದೆ. ಓದಿದ ಹಾಂಗೆ ಇದು ಇಂಗ್ಲಿಷಿನ ಕತೆ ಮಾಂತ್ರ ಅಲ್ಲ, ನಮ್ಮ ಹೆಮ್ಮಕ್ಕಳ ಕತೆಯುದೆ ಅಪ್ಪು ಹೇಳಿ ಕಂಡತ್ತು.

ಎಲ್ಲದರ ಬುಡಲ್ಲಿ ಇಪ್ಪದು ಒಂದು ಹಲಗೆ. ಸಾವಿರ ಒರಿಶಕ್ಕೂ ಮದಲಾಣ ಹಳೆ ಇಂಗ್ಲಿಷಿಲಿ ‘ಬೋರ್ಡ್’ ಹೇಳಿರೆ ಮರ ಸೀಳಿ ಮಾಡಿದ ಹಲಗೆ. ಅಂಬಗಾಣ ಗುರಾಣಿ ಮರದ್ದು, ಹಾಂಗಾಗಿ ಗುರಾಣಿಗುದೆ ಅದೇ ಶಬ್ದ. ಹಡಗಿನ ಪಕ್ಕಕ್ಕೆ, ಅಂಚಿಂಗುದೆ ಅದೇ. ಉಂಬ ಮೇಜಿಂಗುದೆ ಅದೇ.

ಮೇಜಿಂಗೆ ಎಂತಕೆ ಹಲಗೆ ಹೇಳಿ ಹೆಸರು? ಅಂಬಗಾಣ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ನಡುಗೆ ಒಂದು ದೊಡ್ಡ ಹಾಲು ಇಕ್ಕು. ಮಾತುಕತೆ, ಪಂಚಾತಿಗೆ, ಊಟ ಎಲ್ಲ ಅದರಲ್ಲಿಯೇ. ಕೆಲಸದವು ಇರುಳು ಮನುಗುದುದೆ ಅಲ್ಲಿಯೇ. ಒಂದೇ ಕಡೆ ನಿಂಬ ಮೇಜು ಮಡಗಿರೆ ಜಾಗೆ ಎಲ್ಲಿದ್ದು? ಊಟದ ಹೊತ್ತಿಂಗೆ ಮರದ ಕಾಲುಗಳ ನಿಲ್ಲುಸಿ, ಅದರ ಮೇಲೆ ಉದ್ದದ ಹಲಗೆ ಹಾಸಿ, ಮೇಲಂದ ವಸ್ತ್ರ ಹಾಕುಗು. ಊಟ ಆದ ಮೇಲೆ ಹಲಗೆಯ ತೆಗದು ಗೋಡಗೆ ಎರಗುಸಿ ಮಡಗುಗು. ‘ಟೇಬಲ್’ ಹೇಳ್ತ ಶಬ್ದ ಫ್ರೆಂಚು ಭಾಷೆಂದ ಬಂದು ಗಟ್ಟಿ ಆದ್ದು ಮತ್ತೆ. ಅದರ ಲ್ಯಾಟಿನ್ ಮೂಲ ನೋಡಿರೆ ಅಲ್ಲಿಯುದೆ ಅರ್ಥ ಹಲಗೆಯೇ!

ಇದರ ಓದುವಗ ಎನಗೆ ನಮ್ಮ ಮನೆ ಜೆಂಬ್ರ ನೆಂಪಾತು. ನವಗುದೆ ಉಂಬ ಕೋಣೆ ಹೇಳಿ ಬೇರೆ ಎಲ್ಲಿತ್ತು? ಜೆಗಿಲಿಲಿ, ಜಾಲಿಲಿ ಹಂತಿ ಹಾಕುದು, ಮಣೆ ಮಡಗುದು, ಬಾಳೆಲೆ ಹಾಕುದು. ಉಂಡಾದ ಮೇಲೆ ಎಲೆ ತೆಗದು, ಉದ್ದಿ, ಮಣೆಗಳ ಒಂದರ ಮೇಲೊಂದು ಅಟ್ಟಿ ಮಡಗುದು. ಅವಕ್ಕೆ ಹಲಗೆ, ನವಗೆ ಮಣೆ.

ನಮ್ಮ ಮಣೆಯುದೆ ಎಂತ ಕಮ್ಮಿ ಇಲ್ಲೆ. ಕೂಪಲೆ ಮಣೆ. ಕಾಯಿ ಕೆರವಲೆ ಕೆರೆಮಣೆ. ಸೇಮಗೆ ಒತ್ತುಲೆ ಸೇಮಗೆಮಣೆ. ಮದುವೆಗೆ ಹಸೆಮಣೆ. ಆಟಿ ತಿಂಗಳ ಮಳೆಗೆ ಹೊತ್ತು ಹೋಪಲೆ ಚೆನ್ನೆಮಣೆ. ಒಂದು ಮರದ ತುಂಡು ಅಟ್ಟುಂಬೊಳಂದ ಹೆರಟು ಮದುವೆ ಚಪ್ಪರ ಒರೆಗೆ ಹೋಯಿದು. ಇಂಗ್ಲಿಷಿನ ಹಲಗೆಯುದೆ ಹಾಂಗೆ ಹೆರಟದು, ಆದರೆ ಅದು ಹೋದ ದಾರಿ ಬೇರೆ.

ಸುರುವಾಣ ದಾರಿ ಊಟದ್ದು. ಬೋರ್ಡು ಹೇಳಿರೆ ಮೇಜು ಆತು, ಮತ್ತೆ ಮೇಜಿನ ಮೇಲಾಣ ಊಟವುದೆ ಬೋರ್ಡು ಆತು. ಪೈಸೆ ಕೊಟ್ಟು ಬೇರೆಯವರ ಮನೆಲಿ ಉಂಬವ ‘ಬೋರ್ಡರ್’. ಅಂತವರ ಮಡಿಕ್ಕೊಂಬ ಮನೆ ‘ಬೋರ್ಡಿಂಗ್ ಹೌಸ್’. ಮಕ್ಕೊಗೆ ಪಾಠದ ಒಟ್ಟಿಂಗೆ ಊಟವನ್ನುದೆ ಕೊಡುವ ಶಾಲೆ ‘ಬೋರ್ಡಿಂಗ್ ಸ್ಕೂಲ್’. ನಮ್ಮ ಪೇಟೆಗಳ ಹೋಟ್ಲಿನ ಎದುರೆ ‘ಬೋರ್ಡಿಂಗ್ ಎಂಡ್ ಲಾಡ್ಜಿಂಗ್’ ಹೇಳಿ ಬರದ್ದರ ನಾವೆಲ್ಲ ನೋಡಿದ್ದು. ಎರಡೂ ಒಂದೇ ಹೇಳಿ ಆನು ಇಷ್ಟು ದಿನ ಗ್ರೇಶಿಗೊಂಡಿತ್ತಿದ್ದೆ. ಅಲ್ಲ. ಬೋರ್ಡಿಂಗು ಹೇಳಿರೆ ಊಟ, ಲಾಡ್ಜಿಂಗು ಹೇಳಿರೆ ಮನುಗುಲೆ ಜಾಗೆ. ಅಂಬಗ ನಮ್ಮ ಅತ್ತೆ ಹೇಳಿದ ಬೋರ್ಡಿಂಗು ತಪ್ಪಲ್ಲ, ಹಳತ್ತು.

ಇಲ್ಲಿ ಒಂದು ವಿಷಯ ಓದಿ ಎನಗೆ ರಜ ಬೇಜಾರ ಆತು. ಇಂಗ್ಲೆಂಡಿನ ಹಳೆ ಮದುವೆ ಕ್ರಮಲ್ಲಿ ಹೆಂಡತ್ತಿ ಮಾತು ಕೊಡೆಕ್ಕಾಗಿತ್ತು, ಹಾಸಿಗೆಲಿಯುದೆ ‘ಬೋರ್ಡಿ’ಲಿಯುದೆ, ಹೇಳಿರೆ ಊಟದ ಮೇಜಿಲಿಯುದೆ, ಗೆಂಡನ ಮಾತು ಕೇಳಿಗೊಂಡು ಇರ್ತೆ ಹೇಳಿ. ಸಂಬಂಧ ಹಾಳಾಗಿ ಚರ್ಚಿನ ಕೋರ್ಟಿಂಗೆ ಹೋದರೆ ಸಿಕ್ಕುದು ‘ಹಾಸಿಗೆ ಮತ್ತೆ ಬೋರ್ಡಿಂದ’ ಬಿಡುಗಡೆ. ಬೇರೆ ಬೇರೆ ಕೂಪಲಕ್ಕು, ಬೇರೆ ಬೇರೆ ಉಂಬಲಕ್ಕು, ಆದರೆ ಮದುವೆ ಹಾಂಗೆ ಇಕ್ಕು, ಇನ್ನೊಂದು ಮದುವೆ ಅಪ್ಪಲಾಗ. ಪೂರ ಬಿಡುಗಡೆ ಬೇಕಾರೆ ಪಾರ್ಲಿಮೆಂಟಿಲಿ ಒಂದು ಕಾಯಿದೆಯೇ ಆಯೆಕ್ಕು. ಅಷ್ಟು ಖರ್ಚು ಮಾಡ್ಲೆ ದೊಡ್ಡ ಶ್ರೀಮಂತರಿಂಗೆ ಮಾಂತ್ರ ಎಡಿಗು. 1857ರ ಕಾನೂನು ಬಪ್ಪ ಒರೆಗೆ ಹೀಂಗೇ ಇತ್ತು. ಹೆಣ್ಣಿನ ಇಡೀ ಸಂಸಾರವ ಒಂದು ಮಂಚ, ಒಂದು ಮೇಜು ಹೇಳಿ ಎರಡೇ ಸಾಮಾನಿಲಿ ಲೆಕ್ಕ ಹಾಕಿ ಮಡಗಿದ್ದವು.

ಎರಡ್ಣೆ ದಾರಿ ನೀರಿಂದು. ಹಳೆ ಕಾಲದ ಹಡಗಿಂಗೆ ಈಗಾಣ ಹಾಂಗೆ ಹಿಂದೆ ನಡುಗೆ ಚುಕ್ಕಾಣಿ ಇತ್ತಿಲ್ಲೆ. ಬಲದ ಹೊಡೆಲಿ ಒಂದು ದೊಡ್ಡ ಹುಟ್ಟು ಕಟ್ಟಿ, ಅದರ ಹಿಡುದು ದಿಕ್ಕು ತಿರುಗುಸುಗು. ದಿಕ್ಕು ತಿರುಗುಸುದು ಹೇಳಿರೆ ‘ಸ್ಟಿಯರ್’, ಹಡಗಿನ ಪಕ್ಕ ಹೇಳಿರೆ ‘ಬೋರ್ಡ್’. ಎರಡು ಸೇರಿ ಹಡಗಿನ ಬಲದ ಹೊಡೆ ‘ಸ್ಟಾರ್‌ಬೋರ್ಡ್’ ಆತು. ಅದಕ್ಕೂ ನಕ್ಷತ್ರಕ್ಕೂ ಸಂಬಂಧ ಇಲ್ಲೆ! ಹುಟ್ಟು ಇಪ್ಪ ಹೊಡೆಯ ದಕ್ಕೆಗೆ ತಾಗುಸಿರೆ ಅದು ಮುರಿಗು, ಹಾಂಗಾಗಿ ಎಡದ ಹೊಡೆಯ ದಕ್ಕೆಗೆ ತಾಗುಸಿ ಜೆನ, ಸಾಮಾನು ಹತ್ತುಸಿಗೊಂಡಿತ್ತಿದ್ದವು. ಎಡದ ಹೊಡೆಂಗೆ ಮದಲು ‘ಲಾರ್‌ಬೋರ್ಡ್’ ಹೇಳುಗು. ಗಾಳಿ ಮಳೆಗೆ ಬೊಬ್ಬೆ ಹೊಡವಗ ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್ ಎರಡೂ ಒಂದೇ ಹಾಂಗೆ ಕೇಳ್ತು. ಅದಕ್ಕೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡದ್ದಕ್ಕೆ ‘ಪೋರ್ಟ್’ ಹೇಳಿಯೇ ಹೇಳೆಕ್ಕು ಹೇಳಿ ಆರ್ಡರು ಮಾಡಿತ್ತು.

ಹಡಗಿನ ಒಳ ಬಂದರೆ ‘ಆನ್ ಬೋರ್ಡ್’. ಹಡಗಿಂದ ಈ ಶಬ್ದ ರೈಲಿಂಗೆ ಹೋತು, ಬಸ್ಸಿಂಗೆ ಹೋತು, ಅಕೇರಿಗೆ ವಿಮಾನಕ್ಕುದೆ ಹೋತು. ಮಗಳತ್ರೆ ಕೇಳಿದೆ, "ಯೇವ ಹೊಡೆಂದ ವಿಮಾನ ಹತ್ತಿದ್ದು?" ಹೇಳಿ. "ಎಡದ ಹೊಡೆಂದ. ಏವಗಳೂ ಹಾಂಗೇ ಅಲ್ಲದೊ, ಎಂತಕೆ ಅಬ್ಬೆ?" ಹೇಳಿತ್ತು. ಹಳೆ ಹಡಗಿನ ಅಭ್ಯಾಸ ಆಕಾಶಕ್ಕುದೆ ಹೋಯಿದು.

ಮನೆ ಒಳಾಣ ಬೋರ್ಡುಗಳ ಬಗ್ಗೆ ಬೇಗ ಹೇಳಿ ಮುಗುಶುತ್ತೆ. ‘ಕಬೋರ್ಡು’ ಹೇಳಿರೆ ಸುರುವಿಂಗೆ ಬಾಗಿಲಿಪ್ಪ ಪೆಟ್ಟಿಗೆ ಅಲ್ಲ, ಕಪ್ಪುಗಳ, ಪಾತ್ರಂಗಳ ಜೋಡುಸಿ ಮಡಗುವ ಹಲಗೆ ಅಷ್ಟೆ. ಬಾಗಿಲು ಬಂದದು ಮತ್ತೆ. ನಮ್ಮ ‘ಕಪಾಟು’ ಕಬೋರ್ಡಿಂದ ಬಂದ ಶಬ್ದ ಹೇಳಿ ಸುಮಾರು ಜೆನ ಗ್ರೇಶುತ್ತವು. ಅದಲ್ಲ. ಸಂಸ್ಕೃತಲ್ಲಿ ಕಪಾಟ ಹೇಳಿರೆ ಬಾಗಿಲು. ಅವರದ್ದು ಹಲಗೆಂದ ಸುರುವಾಗಿ ಬಾಗಿಲಿಂಗೆ ಎತ್ತಿತ್ತು, ನಮ್ಮದು ಬಾಗಿಲಿಂದಲೇ ಸುರು. ಇಸ್ಪೀಟು ಆಡುವಗ ಕೈಯ ಮೇಜಿಂದ ಕೆಳ ತೆಕ್ಕೊಂಡು ಹೋದರೆ ಮೋಸದ ಸಂಶಯ ಬತ್ತು, ಹಾಂಗಾಗಿ ಪ್ರಾಮಾಣಿಕ ವ್ಯವಹಾರಕ್ಕೆ ‘ಎಬೋವ್ ಬೋರ್ಡ್’ ಹೇಳಿ ಹೆಸರಾತು. ರೇಡಿಯೋ ಹೊಸತ್ತಾಗಿ ಬಂದ ಕಾಲಲ್ಲಿ ಹವ್ಯಾಸಿಗೊ ಮನೆಯ ಬ್ರೆಡ್ಡು ಕೊಯ್ವ ಹಲಗೆಗೆ ಆಣಿ ಹೊಡದು, ಸರಿಗೆ ಸುತ್ತಿ ರೇಡಿಯೋ ಕಟ್ಟಿಗೊಂಡಿತ್ತಿದ್ದವು. ಈಗಳೂ ಇಂಜಿನಿಯರಿಂಗು ಮಕ್ಕೊ ಪ್ರಯೋಗ ಮಾಡುವ ಪ್ಲಾಸ್ಟಿಕ್ ಹಲಗೆಗೆ ‘ಬ್ರೆಡ್‌ಬೋರ್ಡ್’ ಹೇಳಿಯೇ ಹೆಸರು. ಅಂಬಗ ಆ ಹೆಸರು ಹೆರಟದು ಅಟ್ಟುಂಬೊಳಂದ. ಆ ಹಲಗೆಯ ಕೇಳಿ ತೆಕ್ಕೊಂಡು ಹೋದವೊ, ಕೇಳದ್ದೆ ತೆಕ್ಕೊಂಡು ಹೋದವೊ, ಬ್ರೆಡ್ಡು ಕೊಯ್ವವಕ್ಕೇ ಗೊಂತು!

ಮೂರ್ನೆ ದಾರಿಯೇ ದೊಡ್ಡದು. ಮೇಜಿನ ಸುತ್ತ ಕೂದು ದೊಡ್ಡೋರು ತೀರ್ಮಾನ ಮಾಡಿಗೊಂಡಿತ್ತಿದ್ದವಲ್ಲದೊ? ಕೂದ ಜೆನಂಗಳನ್ನೇ ‘ಬೋರ್ಡು’ ಹೇಳುಲೆ ಸುರು ಮಾಡಿದವು. ಕನ್ನಡಲ್ಲಿ ಅದಕ್ಕೆ ನಾವು ‘ಮಂಡಳಿ’ ಹೇಳ್ತು, ಹೇಳಿರೆ ಸುತ್ತ ಕೂದವು, ವೃತ್ತ. ಅವಕ್ಕೆ ನಡುಗೆ ಇಪ್ಪ ಹಲಗೆ ಮುಖ್ಯ, ನವಗೆ ಸುತ್ತ ಕೂದ ಜೆನ ಮುಖ್ಯ. ಆದರೆ ಎರಡರಲ್ಲಿಯುದೆ ಕೂದವು ಮದಲಿಂಗೆ ಗೆಂಡುಮಕ್ಕಳೇ.

ಈ ಬೋರ್ಡು ನಮ್ಮ ಊರಿಂಗುದೆ ಬಂತು. 1784ರಲ್ಲಿ ಲಂಡನಿಲಿ ಈಸ್ಟ್ ಇಂಡಿಯಾ ಕಂಪೆನಿಯ ಮೇಲೆ ಕಣ್ಣು ಮಡಗುಲೆ ‘ಬೋರ್ಡ್ ಆಫ್ ಕಂಟ್ರೋಲ್’ ಹೇಳಿ ಮಾಡಿದವು, ಹೆಚ್ಚು ಹೇಳಿರೆ 6 ಜೆನ. ಅಷ್ಟು ಜೆನ ಒಂದು ಮೇಜಿನ ಸುತ್ತ ಕೂದು, ಕಾಣದ್ದ ಒಂದು ದೇಶದ ಆಗುಹೋಗು ನೋಡಿಗೊಂಡಿತ್ತಿದ್ದವು. ಎರಡು ಒರಿಶ ಕಳುದು ಮದ್ರಾಸಿಲಿ ‘ಬೋರ್ಡ್ ಆಫ್ ರೆವಿನ್ಯೂ’ ಆತು, ಹೇಳಿರೆ ಕಂದಾಯದ ಮಂಡಳಿ. 1799ರಲ್ಲಿ ಟಿಪ್ಪು ಸುಲ್ತಾನ ಸತ್ತಮೇಲೆ ನಮ್ಮ ಕೆನರಾ ಜಿಲ್ಲೆ ಕಂಪೆನಿಯ ಕೈಗೆ ಹೋತು. ಸುರುವಾಣ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿಯಾಣ ಭೂಮಿ, ಒಕ್ಕಲು, ತೀರ್ವೆ ಎಲ್ಲ ವಿಚಾರುಸಿ ಬರದ ಉದ್ದದ ಕಾಗದಂಗೊ ಹೋದ್ದು ಆ ಬೋರ್ಡಿಂಗೇ. ನಮ್ಮ ಅಜ್ಜಂದ್ರ ಗೆದ್ದೆ, ತೋಟಕ್ಕೆ ಎಷ್ಟು ತೀರ್ವೆ ಹೇಳಿ ಒಂದು ಮೇಜಿನ ಸುತ್ತ ಲೆಕ್ಕ ಆತು.

ಮತ್ತೆ 1882ರಲ್ಲಿ ವೈಸರಾಯ್ ರಿಪ್ಪನ್, ಊರಿನ ಕೆಲಸವ ಊರಿನವೇ ನೋಡಿಗೊಳೆಕ್ಕು ಹೇಳಿ ಒಂದು ನಿರ್ಣಯ ಮಾಡಿದವು. 1884ರಲ್ಲಿ ಮದ್ರಾಸಿನ ಲೋಕಲ್ ಬೋರ್ಡ್ಸ್ ಕಾಯಿದೆ ಬಂತು. ಜಿಲ್ಲಾ ಬೋರ್ಡು, ತಾಲೂಕು ಬೋರ್ಡು ಎಲ್ಲ ಆದವು. ಮಾರ್ಗ, ಆಸ್ಪತ್ರೆ, ಶಾಲೆ ಅವರ ಕೈಗೆ ಬಂತು. ನಮ್ಮ ದಕ್ಷಿಣ ಕನ್ನಡಲ್ಲಿ ಹಳಬ್ಬರು ‘ಬೋರ್ಡು ಶಾಲೆ’, ‘ಬೋರ್ಡು ಹೈಸ್ಕೂಲು’ ಹೇಳುದು ಇದಕ್ಕೇ.

ಇದರ ಅತ್ತೆಗೆ ಓದಿ ಹೇಳಿದೆ. ಅತ್ತೆ ಐದನೆ ಕ್ಲಾಸಿನ ಒರೆಗೆ ಬೋರ್ಡು ಶಾಲೆಲಿ ಕಲ್ತವು. ರಜ ಹೊತ್ತು ತಳಿಯದ್ದೆ ಕೂದವು. ಮತ್ತೆ ಹೇಳಿದವು: "ಆನು ಇಷ್ಟು ಒರಿಶ ಗ್ರೇಶಿದ್ದು, ಗೋಡೆಲಿ ಕರಿ ಬೋರ್ಡು ಇದ್ದ ಕಾರಣ ಅದು ಬೋರ್ಡು ಶಾಲೆ ಹೇಳಿ. ಐಗಳ ಶಾಲೆಲಿ ಅದು ಇತ್ತಿಲ್ಲೆ ಇದಾ, ಹೊಯಿಗೆಲಿ ಬರದು ಕಲಿವದು." ಎಪ್ಪತ್ತು ಒರಿಶದ ಮೇಲೆ ಅತ್ತೆಗೆ ಅವರ ಶಾಲೆಯ ಹೆಸರಿನ ಅರ್ಥ ಗೊಂತಾತು. ಎನಗೆ ಅದೊಂದು ಕೊಶಿ.

ಈಗ ಲಂಡನಿಂಗೆ ಒಂದರಿ ವಾಪಾಸು ಹೋಯೆಕ್ಕು, ಎಂತಕೆ ಹೇಳಿರೆ ಬೋರ್ಡಿನ ಕತೆಲಿ ಹೆಮ್ಮಕ್ಕೊ ಮೇಜಿನ ಹತ್ರೆ ಬಂದು ಕೂದ್ದು ಅಲ್ಲಿ. 1870ರಲ್ಲಿ ಇಂಗ್ಲೆಂಡಿಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಊರೂರಿಲಿ ಶಾಲೆ ಕಟ್ಟುಸುಲೆ ‘ಸ್ಕೂಲ್ ಬೋರ್ಡು’ ಮಾಡೆಕ್ಕು, ಅದಕ್ಕೆ ಓಟು ಹಾಕಿ ಜೆನ ಆರುಸೆಕ್ಕು ಹೇಳಿ ಆತು. ಪಾರ್ಲಿಮೆಂಟಿಂಗೆ ಓಟು ಹಾಕುವ ಹಕ್ಕು ಅಲ್ಲಿಯಾಣ ಹೆಮ್ಮಕ್ಕೊಗೆ ಅಂಬಗ ಇತ್ತಿಲ್ಲೆ. ಆದರೆ ಸ್ಕೂಲ್ ಬೋರ್ಡಿಂಗೆ ತೆರಿಗೆ ಕಟ್ಟುವ ಹೆಮ್ಮಕ್ಕೊ ಓಟು ಹಾಕುಲಕ್ಕು, ಹೆಮ್ಮಕ್ಕೊ ನಿಂಬಲುದೆ ಅಕ್ಕು. ಲಂಡನಿನ ಬೋರ್ಡಿಂಗೆ ಆ ಒರಿಶವೇ ಎರಡು ಜೆನ ಹೆಮ್ಮಕ್ಕೊ ಗೆದ್ದವು. ಒಬ್ಬರು ಎಲಿಜಬೆತ್ ಗ್ಯಾರೆಟ್, ಕಷ್ಟಪಟ್ಟು ಡಾಕ್ಟರು ಆದವು. ಇನ್ನೊಬ್ಬರು ಎಮಿಲಿ ಡೇವಿಸ್, ಹೆಮ್ಮಕ್ಕೊಗೆ ಕಾಲೇಜು ಮಾಡಿದವು. ಗ್ಯಾರೆಟ್ ನಿಂದ ಕ್ಷೇತ್ರಲ್ಲಿಯೇ ಥಾಮಸ್ ಹಕ್ಸ್ಲಿ ಹೇಳ್ತ ಹೆಸರು ಹೋದ ವಿಜ್ಞಾನಿಯುದೆ ನಿಂದು ಗೆದ್ದವು. ಆದರೆ ಎಲ್ಲೋರಿಂದ ಹೆಚ್ಚು, 47 ಸಾವಿರಕ್ಕೂ ಮಿಕ್ಕಿ ಓಟು ಬಿದ್ದದು ಗ್ಯಾರೆಟಿಂಗೆ. ಅದೇ ಒರಿಶ ಮ್ಯಾಂಚೆಸ್ಟರಿನ ಸ್ಕೂಲ್ ಬೋರ್ಡಿಂಗೆ ಲಿಡಿಯಾ ಬೆಕರ್ ಗೆದ್ದವು. ಪಾರ್ಲಿಮೆಂಟಿಂಗೆ ಓಟು ಹಾಕುವ ಹಕ್ಕು ಸಿಕ್ಕುಲೆ 1918 ಬರೆಕ್ಕಾತು, ಅದುದೆ ಮೂವತ್ತು ಒರಿಶ ಆದ ಕೆಲವು ಹೆಮ್ಮಕ್ಕೊಗೆ ಮಾಂತ್ರ. ಗೆಂಡುಮಕ್ಕಳ ಹಾಂಗೆ ಸಮ ಆದ್ದು 1928ರಲ್ಲಿ.

ನೋಡಿ, ಬಾಗಿಲು ಸುರುವಿಂಗೆ ಒಡದ್ದು ಮಕ್ಕಳ ಶಾಲೆಯ ಬೋರ್ಡಿಲಿ. ಮಕ್ಕಳ ವಿಷಯ ಅಲ್ಲದೊ, ಹೆಮ್ಮಕ್ಕೊ ಬಂದರೆ ತೊಂದರೆ ಇಲ್ಲೆ ಹೇಳಿ ಗ್ರೇಶಿಕ್ಕು. ಒಂದರಿ ಕುರ್ಚಿಲಿ ಕೂದಮೇಲೆ ಏಳುಸುದು ಕಷ್ಟ.

ನಮ್ಮ ಹೊಡೆಲಿಯುದೆ ಕುರ್ಚಿ ಹಿಡುದವು ಇದ್ದವು. ಮಂಗ್ಳೂರಿಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸು ಶಾಸನ ಸಭೆಗೆ ನಿಂದು ರಜ್ಜಲ್ಲಿ ಸೋತವು. ಸೋತರೂ ಹಿಂದೆ ಹೋಯಿದವಿಲ್ಲೆ. ಸ್ವಾತಂತ್ರ್ಯ ಬಂದಮೇಲೆ 1952ರಲ್ಲಿ ಸುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆ ಆದವು. ಮರುಒರಿಶ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಆತು, ಅದರ ಸುರುವಾಣ ಅಧ್ಯಕ್ಷೆ ದುರ್ಗಾಬಾಯಿ ದೇಶಮುಖ್. ಎರಡರ ಹೆಸರಿನ ಅಕೇರಿಗೂ ಇಂಗ್ಲಿಷಿಲಿ ಅದೇ ‘ಬೋರ್ಡು’.

ಇಷ್ಟೆಲ್ಲ ದೊಡ್ಡ ಮಾತು ಹೇಳಿಕ್ಕಿ ಎನ್ನ ಮನೆ ಜೆಗಿಲಿಯ ವಿಷಯ ಹೇಳದ್ದರೆ ಲೊಟ್ಟೆ ಆವುತ್ತು. 1987ರಲ್ಲಿ ಕರ್ನಾಟಕಲ್ಲಿ ಮಂಡಲ ಪಂಚಾಯತಿನ ಚುನಾವಣೆ ಆತು. ನಾಕರಲ್ಲಿ ಒಂದು ಸ್ಥಾನ ಹೆಮ್ಮಕ್ಕೊಗೆ ಹೇಳಿ ಕಾನೂನು. ಆನು ಅಂಬಗ ಪಿ.ಯು.ಸಿ.ಗೆ ಹೋಗ್ಯೊಂಡಿತ್ತಿದ್ದೆ. ನಮ್ಮ ಜೆಗಿಲಿಲಿ ಅಜ್ಜ, ಅಪ್ಪ, ದೊಡ್ಡಪ್ಪ, ಹತ್ರಾಣ ಮನೆಯ ನಾಕು ಜೆನ ಕೂದು, "ಯೇವ ಹೆಮ್ಮಕ್ಕಳ ನಿಲ್ಲುಸುದು?" ಹೇಳಿ ಮಾತಾಡಿದ್ದು ಎನಗೆ ಲಾಯಿಕಲ್ಲಿ ನೆಂಪಿದ್ದು. ಹೆಮ್ಮಕ್ಕಳ ಹುಡುಕ್ಕುವ ಆ ಮಾತುಕತೆಲಿ ಹೆಮ್ಮಕ್ಕೊ ಒಬ್ಬರೂ ಇತ್ತಿದ್ದವಿಲ್ಲೆ. ಆನು ಬೆಲ್ಲ, ನೀರು ತೆಕ್ಕೊಂಡು ಹೋಗಿ ಮಡಗಿ ಬಂದೆ.

ಮರುಒರಿಶ ಎನ್ನ ರಿಸಲ್ಟು ಬಂತು. ಬೋರ್ಡು ಪರೀಕ್ಷೆಲಿ ಫಸ್ಟ್ ಕ್ಲಾಸು. ಡಿಗ್ರಿಗೆ ಹೋಯೆಕ್ಕು ಹೇಳಿ ಆಶೆ. ಆದರೆ ಕಾಲೇಜಿಂಗೆ ದಿನಾ ಹೋಗಿ ಬಪ್ಪಲೆ ಬಸ್ಸಿನ ಅನುಕೂಲ ಇತ್ತಿಲ್ಲೆ, ಪೇಟೆಯ ಬೋರ್ಡಿಂಗಿಲಿ ನಿಲ್ಲೆಕ್ಕು. ಪುನಾ ಅದೇ ಜೆಗಿಲಿ, ಅದೇ ಜೆನ. ಆನು ಆಸರಿಂಗೆ ತೆಕ್ಕೊಂಡು ಹೋಪಗ ಕೇಳಿತ್ತು: "ಬೋರ್ಡಿಂಗಿಂಗೆ ಕಟ್ಟುವ ಪೈಸಗೆ ಕೂಸಿಂಗೆ ಎರಡು ಬಳೆ ಮಾಡ್ಸುಲಕ್ಕು." ಎಲ್ಲೋರುದೆ ಅಪ್ಪು ಹೇಳಿದವು. ಒಳ ಅಬ್ಬೆ ಕಡವಕಲ್ಲಿಲಿ ಅಕ್ಕಿ ಕಡಕ್ಕೊಂಡಿತ್ತು. ಅದಕ್ಕುದೆ ಕೇಳಿದ್ದು ಹೇಳಿ ಎನಗೆ ಗೊಂತಿದ್ದು, ಎಂತಕೆ ಹೇಳಿರೆ ಕಲ್ಲಿನ ಶಬ್ದ ರಜ ಹೊತ್ತು ನಿಂದತ್ತು. ಮತ್ತೆ ಪುನಾ ಸುರುವಾತು.

ಅಪ್ಪನ ಬೈವಲೆ ಇದರ ಬರದ್ದಲ್ಲ. ಮೂರು ಕೂಸುಗಳ ಮದುವೆ ಮಾಡೆಕ್ಕಾದ ಅಪ್ಪ ಅವು. ಎನ್ನ ಒಳ್ಳೆ ಮನಗೇ ಕೊಟ್ಟವು. ಆದರೆ ಆ ಬೋರ್ಡಿಂಗು ಬೇಕೊ, ಬಳೆ ಬೇಕೊ ಹೇಳಿ ಎನ್ನ ಹತ್ರೆ ಆರುದೆ ಕೇಳಿದ್ದವಿಲ್ಲೆ. ಕೇಳಿದ್ದರೆ ಆನು ಎಂತ ಹೇಳ್ತಿತೆ ಹೇಳಿ ಈಗಳೂ ಒಂದೊಂದು ಇರುಳು ಆಲೋಚನೆ ಮಾಡ್ತೆ.

ಈ ಮನಗೆ ಬಂದ ಮೇಲುದೆ ಕ್ರಮ ಅದುವೇ. ಗೆಂಡುಮಕ್ಕೊ, ಮಕ್ಕೊ, ಬಂದವು ಸುರುವಾಣ ಹಂತಿಲಿ. ಬಳುಸಿ ಆದಮೇಲೆ ಅತ್ತೆ ಮತ್ತೆ ಆನು, ಅಟ್ಟುಂಬೊಳಲ್ಲಿ. ಮಣೆ ಹಾಕಿಗೊಂಬಲುದೆ ಉದಾಸೀನ, ಬರೀ ನೆಲಕ್ಕಲ್ಲಿ ಕೂದು ಉಂಬದು. ಕೊದಿಲಿಲಿ ತುಂಡು ಮುಗುದಿಕ್ಕು. ಅದರ ಆರುದೆ ಕಷ್ಟ ಹೇಳಿ ಗ್ರೇಶಿದ್ದಿಲ್ಲೆ, ಆನುದೆ ಗ್ರೇಶಿದ್ದಿಲ್ಲೆ.

ಕಳುದ ಒರಿಶ ನಮ್ಮ ಊರಿನ ಹಾಲಿನ ಸೊಸೈಟಿಗೆ ಚುನಾವಣೆ ಆತು. ಸಹಕಾರಿ ಸಂಘಂಗಳ ಆಡಳಿತ ಮಂಡಳಿಲಿ ಹೆಮ್ಮಕ್ಕೊಗೆ ಎರಡು ಸ್ಥಾನ ಇದ್ದು. ಒಂದಕ್ಕೆ ಎನ್ನ ಹೆಸರು ಕೊಟ್ಟವು. ಈ ಸರ್ತಿ ಎನ್ನ ಕೇಳಿಯೇ ಕೊಟ್ಟದು. ಅವಿರೋಧ ಆತು. ಎರಡು ವಾರಲ್ಲಿ ಕಾಗದ ಬಂತು, ‘ಬೋರ್ಡು ಮೀಟಿಂಗಿಂಗೆ ಬರೆಕ್ಕು’ ಹೇಳಿ.

ಹೋದೆ. ಉದ್ದದ ಮೇಜು, ಸುತ್ತ ಪ್ಲಾಸ್ಟಿಕ್ ಕುರ್ಚಿಗೊ. ಎನಗೆ ಅಭ್ಯಾಸಬಲ, ಗೋಡೆ ಹತ್ರಾಣ ಬೆಂಚಿಲಿ ಕೂದೆ. ಕಾರ್ಯದರ್ಶಿ "ಇಲ್ಲಿ ಬನ್ನಿ ಅಕ್ಕ" ಹೇಳಿ ಮೇಜಿನ ಹತ್ರಂಗೆ ದಿನಿಗೇಳಿದವು. ರಜ ಹೊತ್ತಪ್ಪಗ ಚಾಯ ಬಂತು. ಆನು ಎದ್ದು ನಿಂದು ಟ್ರೇ ಹಿಡುಕ್ಕೊಂಬಲೆ ಹೆರಟೆ, ಕೈ ತನ್ನಷ್ಟಕೇ ಹೋದ್ದು. ಎನ್ನ ಹತ್ರೆ ಕೂದ ಇನ್ನೊಬ್ಬ ನಿರ್ದೇಶಕಿ ಎನ್ನ ಸೆರಗು ಹಿಡುದು ಎಳದು, ತುಳುವಿಲಿ ಮೆಲ್ಲಂಗೆ, "ಕುಳ್ಳುಲೆ ಅಕ್ಕ" ಹೇಳಿದವು. ಕೂದೆ. ಚಾಯ ಎನ್ನ ಎದುರಂಗೇ ಬಂತು.

ಮತ್ತೆ ಬಾಯಿ ಬಿಟ್ಟೆ. ದನ ಕರವದು, ಹಿಂಡಿ ಹಾಕುದು, ಸಗಣ ತೆಗವದು ಹೆಚ್ಚು ಮನೆಗಳಲ್ಲಿ ಹೆಮ್ಮಕ್ಕೊ. ಸದಸ್ಯತನ, ಪಾಸುಪುಸ್ತಕ ಮಾಂತ್ರ ಗೆಂಡುಮಕ್ಕಳ ಹೆಸರಿಲಿ. ಹಾಲಿನ ಪೈಸೆ ಕರವವರ ಖಾತಗೆ ಹೋಪ ಹಾಂಗೆ ಮಾಡ್ಲೆ ಎಡಿಗೊ ಹೇಳಿ ಕೇಳಿದೆ. ರಜ ಹೊತ್ತು ಆರುದೆ ಮಾತಾಡಿದ್ದವಿಲ್ಲೆ. "ಮುಂದಾಣ ಮೀಟಿಂಗಿಲಿ ನೋಡುವೊ" ಹೇಳಿದವು. ಪುಸ್ತಕಲ್ಲಿ ಬರದು ಮಡಗಿದ್ದವು, ಆನು ಓದಿ ನೋಡಿಯೇ ದಸ್ಕತ್ತು ಹಾಕಿದ್ದು. ಎಂತಾವುತ್ತು ನೋಡೆಕ್ಕು.

ಮನಗೆ ಬಂದಪ್ಪಗ ಅತ್ತೆ ಜೆಗಿಲಿಲಿ ಕಾದುಗೊಂಡಿತ್ತಿದ್ದವು. ಅವು ಕೇಳಿದ್ದು ಒಂದೇ: "ಅಲ್ಲಿ ನೀನು ಬಳುಸಿದ್ದೊ, ಕೂದ್ದೊ?"

"ಕೂದ್ದು ಅತ್ತೆ."

ಅತ್ತೆ ಎನ್ನ ಮೋರೆ ನೋಡಿದವು. "ಹಾಂಗಾರೆ ಬಳುಸುಲೆ ಆರಿತ್ತಿದ್ದವು?"

ಹೋಟ್ಲಿನ ಮಾಣಿ ತಂದು ಮಡಗಿದ ಹೇಳಿದೆ. ಅತ್ತೆಗೆ ಆ ಉತ್ತರ ಸಾಕಾಯಿದಿಲ್ಲೆ ಹೇಳಿ ಕಾಣ್ತು, ಎನಗುದೆ ಸಾಕಾಯಿದಿಲ್ಲೆ. ಒಂದು ಹಲಗೆ ಹಾಕಿ ಹತ್ತು ಜೆನ ಕೂಪಗ, ಹಿಂದಂದ ಆರೋ ಒಬ್ಬರು ನಿಂದೇ ಇರ್ತವು. ಆ ಮಾಣಿಯ ಹೆಸರು ಎಂತ ಹೇಳಿ ಆನುದೆ ಕೇಳಿತ್ತಿಲ್ಲೆ. ಮುಂದಾಣ ಸರ್ತಿ ಕೇಳೆಕ್ಕು.

ನಿಂಗಳ ಮನೆಲಿಯುದೆ ಇಂತಾ ಶಬ್ದಂಗೊ ಇಕ್ಕು. ‘ಲೈನು’ ತೆಕ್ಕೊಳಿ: ಕರೆಂಟಿನ ಲೈನು, ಬಸ್ಸಿನ ಲೈನು, ರೇಶನಿನ ಲೈನು, ಫೋನಿನ ಲೈನು. ‘ಸೆಟ್ಟು’ ತೆಕ್ಕೊಳಿ: ಪಾತ್ರೆ ಸೆಟ್ಟು, ಬಳೆ ಸೆಟ್ಟು, ಸೆಟ್ ದೋಸೆ, ಮೊಸರು ಸೆಟ್ಟಪ್ಪದು. ನಿಂಗಳ ಅಬ್ಬೆ, ಅತ್ತೆ ಯೇವದರ ಯೇವ ಅರ್ಥಲ್ಲಿ ಹೇಳ್ತವು ಹೇಳಿ ಕೇಳಿ ನೋಡಿ. ತಪ್ಪು ಹೇಳಿ ನೆಗೆ ಮಾಡೆಡಿ, ಅವು ಹೇಳುದೇ ಹಳೆ ಅರ್ಥ ಆಗಿಪ್ಪಲುದೆ ಸಾಕು. ದೋಸೆ ಎರವಗ ಮಾಂತ್ರ ಆಲೋಚನೆ ಮಾಡೆಡಿ, ಕರಂಚುಗು.